ನೂರಕ್ಕೆ 98 ಸರಿ, ಆದರೆ ಯಾರಿಗೆ?

ಪ್ರತಿ ಸಲ ಇದೇ ಆಗುತ್ತದೆ. ಆಪರೇಷನ್ ನಂತರ ಯಾರಿಗೆ ತೊಂದರೆ ಆಗುತ್ತದೆ ಎಂದು ಕಂಪ್ಯೂಟರ್ ಮೊದಲೇ ಹೇಳುತ್ತದೆ ಎನ್ನುವ ಪೇಪರನ್ನು ಪಿಜಿ ಹುಡುಗರು, ಅಂದರೆ ಸ್ನಾತಕೋತ್ತರ ಓದುವ ಕಿರಿಯ ವೈದ್ಯರು, ಹೊಸ ಪೇಪರ್ ಓದಿ ಚರ್ಚಿಸುವ ಜರ್ನಲ್ ಕ್ಲಬ್‌ಗೆ ತರುತ್ತಾರೆ. 'ಅಕ್ಯುರಸಿ ಭಾಳ ಚಲೋ ಅದ ಸರ್' ಅನ್ನುತ್ತಾರೆ. ಅಕ್ಯುರಸಿ ಅಂದರೆ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಅದು ಹೇಳಿದ್ದು ಸರಿಯಾಯಿತು ಅನ್ನುವ ಅಂಕಿ. ನಾನು ಕೇಳುವುದು ಒಂದೇ: ಆ ತೊಂದರೆ ನಿಜವಾಗಿ ಎಷ್ಟು ಮಂದಿಗೆ ಆಗಿತ್ತು? ಹುಡುಗರು ಪುಟ ತಿರುವಿ ಹುಡುಕಲು ಶುರು ಮಾಡುತ್ತಾರೆ. ಒಳ್ಳೆ ಹುಡುಗರು, ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿರುತ್ತಾರೆ. ಆದರೂ ಈ ಒಂದು ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ.

ನಮ್ಮ ಕಲಬುರಗಿಯಲ್ಲಿ ಒಬ್ಬ ದಿನಾ ಬೆಳಿಗ್ಗೆ 'ಇವತ್ತು ಮಳಿ ಬರಂಗಿಲ್ಲ' ಅಂತ ಹೇಳ್ತಾ ಹೋಗಲಿ. ವರ್ಷದ ಜಾಸ್ತಿ ದಿನ ಅವನ ಮಾತು ನಿಜವೇ ಆಗುತ್ತದೆ. ಆದರೆ ತೊಗರಿ ಬಿತ್ತಲು ಜೂನ್‌ನಲ್ಲಿ ಮುಗಿಲು ನೋಡುತ್ತಾ ಕೂತ ರೈತನಿಗೆ ಅವನಿಂದ ಏನು ಉಪಯೋಗ?

ಕರುಳಿನ ಆಪರೇಷನ್ ತೆಗೆದುಕೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ, 1000 ಮಂದಿಯಲ್ಲಿ 20 ಮಂದಿಗೆ ಹೊಲಿಗೆ ಜಾಗ ಲೀಕ್ ಆಗುತ್ತದೆ ಅಂದುಕೊಳ್ಳೋಣ. ಎಲ್ಲರಿಗೂ ಸುಮ್ನೆ 'ಲೀಕ್ ಇಲ್ಲ' ಅನ್ನುವ ಕಂಪ್ಯೂಟರ್ ಯಂತ್ರದ ಅಕ್ಯುರಸಿ ನೂರಕ್ಕೆ 98. ಅದು ಹಿಡಿದ ಲೀಕ್ ಸೊನ್ನೆ. ಇನ್ನೊಂದು ಯಂತ್ರ ನಿಜವಾಗಿ ಏನೋ ಕಲಿತಿದೆ. ಲೀಕ್ ಆಗುವ ನೂರು ಮಂದಿಯಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಆಗದ ನೂರರಲ್ಲೂ 90 ಮಂದಿಗೆ ಸರಿ ಹೇಳುತ್ತದೆ. 20ರಲ್ಲಿ 18 ಸಿಕ್ಕರು. ಆದರೆ ಉಳಿದ 980ರಲ್ಲಿ 98 ಮಂದಿಗೆ ಸುಳ್ಳು ಎಚ್ಚರಿಕೆ. ಒಟ್ಟು 116 ಎಚ್ಚರಿಕೆ, ನಿಜ 18. ಇದರ ಅಕ್ಯುರಸಿ 90. ಏನೂ ಕಲಿಯದ ಮೊದಲನೆಯದಕ್ಕಿಂತ ಕಡಿಮೆ! ಹಾಗಾದರೆ ಆ ಒಂದು ಅಂಕಿ ನಮಗೆ ಹೇಳಿದ್ದೇನು?

ಯಂತ್ರ ಏನನ್ನು ನೋಡಿ ಕಲಿತಿದೆ ಅನ್ನುವುದೂ ಮುಖ್ಯ. ಆಪರೇಷನ್‌ಗೆ ಮುಂಚೆ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತೇವಲ್ಲ, ಅದು ಫೋಟೋದಲ್ಲಿದ್ದರೆ ಫೋಟೋ ನೋಡಿ ಚರ್ಮದ ಕ್ಯಾನ್ಸರ್ ಗುರುತಿಸುವ ಯಂತ್ರ ಸಾದಾ ಮಚ್ಚೆಯನ್ನೂ ಕ್ಯಾನ್ಸರ್ ಅನ್ನುವುದು ಜಾಸ್ತಿಯಾಗುತ್ತದೆ ಎಂದು 2019ರಲ್ಲಿ ಜರ್ಮನಿಯ ವೈದ್ಯರು ತೋರಿಸಿದರು. ರಕ್ತಕ್ಕೆ ನಂಜೇರುವುದನ್ನು ಮುನ್ಸೂಚಿಸುವ ಒಂದು ಪ್ರೋಗ್ರಾಂ ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿತ್ತು. 2021ರಲ್ಲಿ ಅಲ್ಲಿಯ ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ ರೋಗಿಗಳ ಮೇಲೆ ಪರೀಕ್ಷಿಸಿದಾಗ, ನಂಜೇರಿದ ನೂರರಲ್ಲಿ 67 ಮಂದಿಯನ್ನು ಅದು ಹಿಡಿದೇ ಇರಲಿಲ್ಲ. ಅಲ್ಲಿಯದೇ ಯಂತ್ರ ಅಲ್ಲಿಯೇ ಹೀಗಾದರೆ, ಸುರಪುರ, ಚಿಂಚೋಳಿಯಿಂದ ರಕ್ತ ಕಡಿಮೆಯಾಗಿ, ತಡವಾಗಿ ಬರುವ ನಮ್ಮ ರೋಗಿಗಳ ಮೇಲೆ ನೋಡದೆ ಹೇಗೆ ನಂಬಲಿ?

ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಎಚ್ಚರಿಕೆ ಬಂದಾಗ ಇನ್ನೊಮ್ಮೆ ನಾಡಿ ನೋಡುವುದಷ್ಟೇ ಆದರೆ 98 ಸುಳ್ಳು ದೊಡ್ಡದಲ್ಲ. ಸಿಟಿ ಸ್ಕ್ಯಾನ್, ಮತ್ತೆ ಹೊಟ್ಟೆ ತೆರೆಯುವುದು ಅಂದರೆ ಮಾತು ಬೇರೆ.

ಒಮ್ಮೆ ವಯಸ್ಸಾದ ಒಬ್ಬ ರೋಗಿಗೆ ನಾಲ್ಕನೇ ದಿನ ನಾಡಿ ಏರಿತು. ಯಂತ್ರವಲ್ಲ, ನನಗೇ ಅನುಮಾನ ಬಂತು. ಊಟ ನಿಲ್ಲಿಸಿ ಸ್ಕ್ಯಾನ್‌ಗೆ ಕಳಿಸಿದೆ. 'ಸಾಹೇಬ್ರ, ನಮ್ಮಪ್ಪಗ ಏನೂ ಆಗಂಗಿಲ್ಲಲ್ರೀ?' ಅಂತ ಮಗ ಕೇಳುತ್ತಲೇ ಇದ್ದ. ರಾತ್ರಿಯೆಲ್ಲ ಕಾರಿಡಾರ್‌ನಲ್ಲಿ ನಿಂತೇ ಇದ್ದ, ಒಂದು ತುತ್ತೂ ತಿನ್ನಲಿಲ್ಲ. ಲೀಕ್ ಇಲ್ಲ ಎಂದು ಬೆಳಿಗ್ಗೆ ಹೇಳಿದಾಗ ಗೋಡೆ ಹಿಡಿದು ಅಲ್ಲೇ ಕೂತುಬಿಟ್ಟ.