ಅಜ್ಜ ಹೊಸ್ತಿಲು ಎಡವಿದಾಗ

ಹೊರಗೆ ಹೊರಟ ಅಜ್ಜನ ಬೆರಳು ಹೊಸ್ತಿಲಿಗೆ ತಾಗಿದರೆ ನಮ್ಮ ಧಾರವಾಡ, ಗದಗ ಕಡೆಯ ಎಷ್ಟೋ ಮನೆಗಳಲ್ಲಿ ಒಳಗಿನಿಂದ ಕೂಗು ಬರುತ್ತದೆ: "ಅಪಶಕುನ ಆತು, ಒಂದ್ ಗಳಿಗಿ ಕುಂತು ಹೋಗ್ರಿ." ಅಜ್ಜ ಕೂರುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಎದ್ದು ಅದೇ ಹೊಸ್ತಿಲು ದಾಟುತ್ತಾರೆ. ಎಡವಿದ ಕಾಲನ್ನು ಮಾತ್ರ ಯಾರೂ ನೋಡುವುದಿಲ್ಲ.

ನೋಡಬೇಕಾದದ್ದು ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಹೊರಮಗ್ಗುಲಲ್ಲಿದೆ. ಅಲ್ಲಿರುವ ಟಿಬಿಯಾಲಿಸ್ ಆಂಟೀರಿಯರ್ ಎಂಬ ಸ್ನಾಯು ಪಾದದ ಮುಂಭಾಗವನ್ನು ಮೇಲೆತ್ತುತ್ತದೆ. ನಡೆಯುವಾಗ ಮುಂದೆ ಸಾಗುವ ಪಾದದ ತುದಿಗೂ ನೆಲಕ್ಕೂ ಒಂದು ಗಳಿಗೆಯಲ್ಲಿ ಉಳಿಯುವ ಸಂದು ಬರೀ 1ರಿಂದ 2 ಸೆಂಟಿಮೀಟರ್. ಚೋದ್ಯವೆಂದರೆ, ಆಗಲೇ ಪಾದ ಹೆಚ್ಚುಕಡಿಮೆ ತನ್ನ ಪೂರ್ತಿ ವೇಗದಲ್ಲಿರುತ್ತದೆ. ಬಾವಿಯ ಕೊಡವನ್ನು ನೆನೆಯಿರಿ: ಹಗ್ಗ ಜಗ್ಗುವ ಕೈ ಸೋತರೆ ಕೊಡ ದಂಡೆಗೆ ಬಡಿಯುತ್ತದೆ. ಹೊಲದ ಬದುವಿನಲ್ಲಿ ಕುಂಟೆ ಎತ್ತದೆ ಎತ್ತು ತಿರುಗಿಸಿದರೂ ಅದೇ ಕತೆ, ಕುಂಟೆ ಸಿಕ್ಕಿಕೊಳ್ಳುತ್ತದೆ. ಕಾಲಿಗೆ ಈ ಎತ್ತುವ ಕೆಲಸ ಹೆಜ್ಜೆಹೆಜ್ಜೆಗೂ ಉಂಟು. ಸ್ನಾಯು ಸೋತಿತೋ, ಹೊಸ್ತಿಲು ಬೇಡ, ಚಾಪೆಯ ಅಂಚೇ ಸಾಕು.

ಎಡವಿದವರೆಲ್ಲ ಬೀಳುವುದಿಲ್ಲವಲ್ಲ? ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ನಿಂತಿದ್ದಾಗ ಚಾಲಕ ಬ್ರೇಕ್ ಒತ್ತಿದರೆ ನೀವು ಯೋಚಿಸುವ ಮೊದಲೇ ಕಾಲು ಒಂದು ಹೆಜ್ಜೆ ಮುಂದಿಟ್ಟಿರುತ್ತದೆ. ಈ ಚುರುಕು ಸ್ನಾಯುವಿನ ವೇಗದ ಎಳೆಗಳದು. ವಯಸ್ಸಾದಂತೆ ಹೆಚ್ಚು ಸೊರಗುವುದೂ ಅವೇ. "ಏಳಬ್ಯಾಡ್ರಿ, ಅಲ್ಲೇ ಕುಂದರ್ರಿ" ಎಂಬ ಪ್ರೀತಿಯ ಅಪ್ಪಣೆ ಅವನ್ನು ಇನ್ನಷ್ಟು ಸೊರಗಿಸುತ್ತದೆ. ಹತ್ತು ದಿನ ಹಾಸಿಗೆ ಹಿಡಿದರೆ ಆರೋಗ್ಯವಂತ ಹಿರಿಯರೂ ಕಾಲುಗಳಲ್ಲಿ ಸುಮಾರು 1 ಕಿಲೊ ಮಾಂಸಖಂಡ ಕಳೆದುಕೊಳ್ಳುತ್ತಾರೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ವ್ಯಾಯಾಮಕ್ರಮವೊಂದನ್ನು ರೂಪಿಸಿದರು. ಪ್ರಯೋಗಗಳಲ್ಲಿ ಬೀಳುವಿಕೆ ಸುಮಾರು ಶೇ. 35ರಷ್ಟು ತಗ್ಗಿತು. ಆ ಜಾತಿಯ ಕೆಲವನ್ನು ನಮ್ಮ ಅಡುಗೆಮನೆಯ ಕಟ್ಟೆ ಹಿಡಿದೇ ಮಾಡಬಹುದು. ಹಿಮ್ಮಡಿ ನೆಲದಲ್ಲಿಟ್ಟು ಪಾದದ ಮುಂಭಾಗ ಎತ್ತಿ ಇಳಿಸುವುದು, 10 ಸಲ, ಎರಡು ಸುತ್ತು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಸೊಂಟವನ್ನು ಹಿಂದಕ್ಕೆ ಚಾಚುವುದು. ಆಗ ದೇಹ ವಾಲುತ್ತದೆ, ಸ್ನಾಯುವಿಗೆ ಕೆಲಸ ಸಿಗುವುದಿಲ್ಲ. ಆಮೇಲೆ ಕುರ್ಚಿಯಿಂದ ಏಳುವುದು: ಪಾದ ಹಿಂದೆಳೆದುಕೊಂಡು, ಮೂಗು ಬೆರಳುಗಳ ಮೇಲೆ ಬರುವಷ್ಟು ಬಾಗಿ, ಚುರುಕಾಗಿ ಎದ್ದು, ಮೂರು ಎಣಿಸುತ್ತ ನಿಧಾನ ಕೂರಬೇಕು. 5ರಿಂದ 10 ಸಲ. ಪ್ಲಾಸ್ಟಿಕ್ ಕುರ್ಚಿ ನುಣುಪು ಫರ್ಸಿಯ ಮೇಲೆ ಜಾರುತ್ತದೆ, ಗೋಡೆಗೆ ಆನಿಸಿಡಿ. ಮೂರನೆಯದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡ್ ನಿಲ್ಲುವುದು.

ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಮೊದಲು ಎರಡು ಕೈ ಆಸರೆ, ಆಮೇಲೆ ಒಂದು ಕೈ, ಆಮೇಲೆ ಒಂದೇ ಬೆರಳು. ತುಸುವೂ ಹೊಯ್ದಾಡದಿದ್ದರೆ ಸಮತೋಲಕ್ಕೆ ಪಾಠವೇ ಇಲ್ಲ. ಹಾಗೆಂದೇ ಪಕ್ಕದಲ್ಲಿ ಒಬ್ಬರು ಇರಬೇಕು. ಹುಬ್ಬಳ್ಳಿಯ ಉಣಕಲ್ಲ ಕೆರೆ ಸುತ್ತಿದರೆ ಸಾಕು ಎನ್ನುವವರಿದ್ದಾರೆ. ಹೃದಯಕ್ಕೆ ಅದು ಒಳ್ಳೆಯದು, ಸಮತೋಲಕ್ಕೆ ಸಾಲದು.

ಬರ್ಲಿನ್ನಿನ ವೈದ್ಯ ರಾಂಬರ್ಗ್ 1840ರ ದಶಕದಲ್ಲಿ ಬೆನ್ನುಹುರಿಯ ರೋಗಿಗಳನ್ನು ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತಿದ್ದ. ಅವರು ತೂರಾಡುತ್ತಿದ್ದರು. ಅಂಗಾಲಿನ ಸುದ್ದಿ ಮಿದುಳಿಗೆ ಮುಟ್ಟದವರು ಕಣ್ಣನ್ನೇ ಊರುಗೋಲು ಮಾಡಿಕೊಂಡಿರುತ್ತಾರೆ. ಬಹುದಿನದ ಸಕ್ಕರೆ ಕಾಯಿಲೆಯಲ್ಲೂ ಹೀಗಾಗುತ್ತದೆ. ಅಂಥವರು ಬಚ್ಚಲಲ್ಲಿ ನಿಂತು ಮುಖಕ್ಕೆ ಸೋಪು ಹಚ್ಚಿದಾಗ ರಾಂಬರ್ಗನ ಪರೀಕ್ಷೆಯೇ ನಡೆಯುತ್ತದೆ, ಅದೂ ಒದ್ದೆ ಶಹಾಬಾದಿ ಕಲ್ಲಿನ ಮೇಲೆ. ಕೂತು ಸ್ನಾನ ಮಾಡಲಿ.

ಒಂದೇ ಕಾಲು ದಿಢೀರನೆ ಎಳೆಯತೊಡಗಿದರೆ ವ್ಯಾಯಾಮ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಲಕ್ವ ಇರಬಹುದು.

ಇನ್ನು ಹೊಸ್ತಿಲು. ಶಕುನ ನಂಬದಿದ್ದರೂ ಅದಕ್ಕೆ ಅರಿಶಿನ ಬಳಿಯುವುದನ್ನು ನಾನು ಬೇಡ ಅನ್ನಲಾರೆ. ಮಬ್ಬು ಬೆಳಕಿನಲ್ಲಿ, ಪೊರೆ ಬಂದ ಕಣ್ಣಿಗೆ ಆ ಹಳದಿ ಪಟ್ಟಿ ಚೆನ್ನಾಗಿ ಕಾಣುತ್ತದೆ. ನೆಲದ ಬಣ್ಣದ್ದೇ ಗ್ರಾನೈಟ್ ಹೊಸ್ತಿಲು ಹಾಕಿಸಿದವರು ಅಂಚಿಗೆ ಎರಡು ಬೆರಳಗಲ ಹಳದಿ ಟೇಪು ಅಂಟಿಸಲಿ.