ಪಾದ್ರಿ ಮನೆಯ ಸುಣ್ಣದ ಗಾರೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿನ ಆಸುಪಾಸಿನ ದೊಡ್ಡ ಮನೆಯೊಂದರ ಗೇಟಿಗೆ ‘ಓಲ್ಡ್ ರೆಕ್ಟರಿ’ ಎಂಬ ಹಲಗೆ ತೂಗುವುದುಂಟು. ಒಂದು ಕಾಲಕ್ಕೆ ಅದು ಊರ ಪಾದ್ರಿಯ ಮನೆ. ಊರವರು ಚರ್ಚಿಗೆ ಕೊಡುತ್ತಿದ್ದ, ಬೆಳೆಯ ಹತ್ತನೇ ಒಂದು ಪಾಲಾದ ದಶಮಾಂಶದಲ್ಲಿ ದೊಡ್ಡ ಭಾಗ ಸೇರುತ್ತಿದ್ದುದು ರೆಕ್ಟರ್ ಎನಿಸಿಕೊಂಡ ಪಾದ್ರಿಗೆ. ವಿಕಾರ್ ಎನಿಸಿಕೊಂಡ ಪಾದ್ರಿಗೆ ಸಣ್ಣ ಭಾಗವಷ್ಟೇ. ರೆಕ್ಟರಿಗಳು ಸಾಮಾನ್ಯವಾಗಿ ವಿಶಾಲವಾಗಿರುವುದಕ್ಕೆ ಇದೂ ಕಾರಣ. ತಮ್ಮ ವರಮಾನವನ್ನೇ ಅಡವಿಟ್ಟು ಮನೆ ಕಟ್ಟಿಕೊಳ್ಳಲು 1776ರ ಗಿಲ್ಬರ್ಟ್ ಕಾಯ್ದೆ ಪಾದ್ರಿಗಳಿಗೆ ಅವಕಾಶ ಕೊಟ್ಟಿತು. ಇಪ್ಪತ್ತನೇ ಶತಮಾನಕ್ಕೆ ಈ ಮನೆಗಳನ್ನು ಬೆಚ್ಚಗಿಡುವುದೂ ರಿಪೇರಿ ಮಾಡಿಸುವುದೂ ದುಬಾರಿಯಾಯಿತು. ಚರ್ಚ್ ಎಷ್ಟೋ ಮನೆಗಳನ್ನು ಮಾರಿತು, ಕೊಂಡವರು ಅಲ್ಲಿ ಸಂಸಾರ ಹೂಡಿದರು.

ಎತ್ತಿ ಇಳಿಸುವ ಅವುಗಳ ಕಿಟಕಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ತೂಕದ ಗುಂಡುಗಳು ಅಡಗಿರುತ್ತವೆ. ಮೇಲಿನ ಬಾಗಿಲನ್ನು ಸ್ವಲ್ಪ ಇಳಿಸಿ ಕೆಳಗಿನದನ್ನು ಸ್ವಲ್ಪ ಎತ್ತಿದರೆ ಬಿಸಿಗಾಳಿ ಮೇಲಿನಿಂದ ಹೊರಟು ತಂಪುಗಾಳಿ ಕೆಳಗಿನಿಂದ ಬರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಇಟ್ಟಿಗೆಗಳ ನಡುವಿನ ಸಂದು.

ಲಿಂಕನ್‌ಶೈರಿನ ಎಪ್‌ವರ್ತ್‌ನಲ್ಲಿ ಮರ, ಹುಲ್ಲಿನ ರೆಕ್ಟರಿ 1709ರಲ್ಲಿ ಸುಟ್ಟುಹೋಯಿತು. ಮುಂದೆ ಮೆಥಡಿಸ್ಟ್ ಕ್ರೈಸ್ತ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯನ್ನು ಐದು ವರ್ಷದವನಿದ್ದಾಗ ಕಿಟಕಿಯಿಂದ ಎತ್ತಿ ಉಳಿಸಿದ್ದು ಆ ಬೆಂಕಿಯಲ್ಲೇ. ಮರಳಿ ಕಟ್ಟಿದ್ದು ಇಟ್ಟಿಗೆಯಿಂದ. ಇಂಥ ಗೋಡೆಗಳನ್ನು ಬೆಸೆದದ್ದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದದ್ದಕ್ಕೆ ನೀರು ಹೊಯ್ದರೆ ಕುದಿಯುತ್ತಾ ಅರಳುತ್ತದೆ. ಮರಳು ಬೆರೆಸಿ ಗೋಡೆಗೆ ಹಾಕಿದ ಮೇಲೆ, ಕಳೆದುಕೊಂಡ ಅದೇ ಅನಿಲವನ್ನು ಗಾಳಿಯಿಂದ ಹೀರಿಕೊಂಡು ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ.

ಆ ಕಾಲದ ಗೋಡೆಯ ತಳದಲ್ಲಿ ನೆಲದ ತೇವ ತಡೆಯುವ ಪದರ ಇರುತ್ತಿರಲಿಲ್ಲ. ಮಳೆಯ ನೀರೂ ಇಟ್ಟಿಗೆಗೆ ಇಳಿಯುತ್ತಿತ್ತು. ಸೂಕ್ಷ್ಮ ರಂಧ್ರಗಳಿರುವ ಮೆದು ಗಾರೆಯ ಮೂಲಕ ಆ ತೇವ ಆರಿಹೋಗುತ್ತಿತ್ತು. ಹೊಸ ಒಡೆಯರು ಮುತುವರ್ಜಿಯಿಂದಲೇ ಸಂದುಗಳಿಗೆ ಸಿಮೆಂಟ್ ತುಂಬಿಸಿದಾಗ ಆ ದಾರಿ ಮುಚ್ಚಿತು. ತೇವ ಇಟ್ಟಿಗೆಯಲ್ಲೇ ನಿಂತಿತು. ಹೆಪ್ಪುಗಟ್ಟುವ ನೀರು ಸುಮಾರು 9% ಹಿಗ್ಗುತ್ತದೆ. ಚಳಿಗಾಲದಲ್ಲಿ ಇಟ್ಟಿಗೆಯ ಮುಖವೇ ಚಕ್ಕೆಯಾಗಿ ಉದುರತೊಡಗಿತು. ಇನ್ನೂರು ವರ್ಷ ತಾಳಿದ ಗೋಡೆ ಅಕ್ಕರೆಯ ರಿಪೇರಿಯಿಂದಲೇ ಕೆಡುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಈಗ ಬಲ್ಲ ಗಾರೆಯವರು ಆ ಸಿಮೆಂಟನ್ನು ಇಟ್ಟಿಗೆಗೆ ಪೆಟ್ಟಾಗದಂತೆ ಕೆತ್ತಿ ತೆಗೆದು ಸುಣ್ಣ ತುಂಬುತ್ತಾರೆ. ಬೇಗ ಒಣಗಿದರೆ ಅದು ಪುಡಿಯಾಗುತ್ತದೆ. ಅದಕ್ಕೇ ಗೋಡೆಯ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು, ದಿನಗಟ್ಟಲೆ ನೀರು ಚಿಮುಕಿಸುತ್ತಾ ಕಾಯುತ್ತಾರೆ.