ಆರನೆಯ ವರ್ಷದ ಡೀಸೆಲ್ ಯಾರ ಲೆಕ್ಕಕ್ಕೆ?

ವಿದೇಶಿ ನೆರವಿನ ಯೋಜನೆಗಳ ಲೆಕ್ಕಪತ್ರ ಪರಿಶೀಲಿಸುವುದು ನನ್ನ ಕಸುಬು. ವರದಿ ಕೈಗೆ ಬಂದರೆ ಮೊದಲು ತೆರೆಯುವುದು ಕೊನೆಯ ಹಾಳೆಯನ್ನು. ನೆರವಿನ ವರ್ಷಗಳು ಮುಗಿದ ಮೇಲೆ ಯೋಜನೆ ನಡೆಸುವ ಹಣ ಎಲ್ಲಿಂದ ಎಂಬುದಕ್ಕೆ ಬಹುತೇಕ ಅಲ್ಲಿ ಒಂದೇ ಸಾಲು ಇರುತ್ತದೆ: 'ನಿರ್ವಹಣಾ ವೆಚ್ಚ ಸ್ಥಳೀಯ ಸಮುದಾಯದ ವಂತಿಗೆಯಿಂದ.' ಯಾವ ಸಮುದಾಯ, ತಿಂಗಳಿಗೆ ಎಷ್ಟು, ವಸೂಲು ಮಾಡುವವರು ಯಾರು ಎಂದು ಕೇಳಿದರೆ ಸಭೆಯಲ್ಲಿದ್ದವರೆಲ್ಲ ಚಹಾದ ಲೋಟ ನೋಡುತ್ತಾರೆ.

ಆಗ ನಾನು ನಾರ್ವೆ ಮತ್ತು ಕೀನ್ಯಾದ ಕತೆ ತೆಗೆಯುತ್ತೇನೆ. ಕೀನ್ಯಾದ ತುರ್ಕಾನಾ ಸರೋವರದ ಬದಿಯ ಕಲೊಕೋಲ್‌ನಲ್ಲಿ ನಾರ್ವೆ ಮೀನು ಶೈತ್ಯೀಕರಿಸುವ ಕಾರ್ಖಾನೆ ಕಟ್ಟಿಕೊಟ್ಟಿತು. 1970ರ ದಶಕದಲ್ಲಿ ಹುಟ್ಟಿದ ಯೋಜನೆ, ಸುಮಾರು 2.2 ಕೋಟಿ ಡಾಲರ್ ಖರ್ಚು. ತುರ್ಕಾನಾ ಜನ ಆಡು, ಒಂಟೆ ಮೇಯಿಸುವವರು, ಮೀನುಗಾರರಲ್ಲ ಎಂದು ಎಲ್ಲರೂ ಈ ಕತೆಗೆ ತಲೆದೂಗುತ್ತಾರೆ. ನಿಜ, ಆದರೆ ನನ್ನ ತಕರಾರು ಬೇರೆ. ಆ ಬಿಸಿಲಿನಲ್ಲಿ ಮೀನನ್ನು ಹೆಪ್ಪುಗಟ್ಟಿಸಲು ವಿದ್ಯುತ್ತು ಬೇಕು, ಶುದ್ಧ ನೀರು ಬೇಕು. ಇವೆರಡರ ಖರ್ಚೇ ಮೀನಿನ ಬೆಲೆಯನ್ನು ಮೀರಿತು. ಕಾರ್ಖಾನೆ ಕೆಲವೇ ದಿನ ಓಡಿ ನಿಂತಿತು. ಸಾಲದ್ದಕ್ಕೆ 1980ರ ದಶಕದಲ್ಲಿ ಸರೋವರದ ನೀರೂ ದಡದಿಂದ ಹಿಂದೆ ಸರಿಯಿತು.

ಕಟ್ಟುವ ದುಡ್ಡು ಒಂದು ಸಲದ್ದು, ನಡೆಸುವ ದುಡ್ಡು ತಿಂಗಳು ತಿಂಗಳಿನದು. ಇದನ್ನು ಎಷ್ಟು ಸಲ ಹೇಳಲಿ? ಮದುವೆಯ ಖರ್ಚನ್ನು ಮಾವ ವಹಿಸಿಕೊಂಡ ಮಾತ್ರಕ್ಕೆ ಮುಂದಿನ ಸಂಸಾರದ ಅಕ್ಕಿ ಬೇಳೆಯನ್ನೂ ಅವನೇ ತಂದುಹಾಕುತ್ತಾನೆಯೇ?

'ನಡೆಸುವ ಖರ್ಚನ್ನೂ ನೆರವು ಕೊಟ್ಟ ದೇಶವೇ ಕೊಡಲಿ' ಎನ್ನುವ ಜಾಣರಿದ್ದಾರೆ. ಅವರಿಗೆ ನಾನು 1990ರ ಅಕ್ಟೋಬರ್ ನೆನಪಿಸುತ್ತೇನೆ. ನಾರ್ವೆಯಲ್ಲಿ ಆಶ್ರಯ ಪಡೆದಿದ್ದ ಕೀನ್ಯಾದ ವಿರೋಧಿ ನಾಯಕ ಕೊಯಿಗಿ ವಾ ವಾಮ್ವೆರೆ ಅವರನ್ನು ಅಲ್ಲಿನ ಅಧ್ಯಕ್ಷ ಮೊಯಿ ಸರ್ಕಾರ ಬಂಧಿಸಿ ದೇಶದ್ರೋಹದ ಆರೋಪ ಹೊರಿಸಿತು. ನಾರ್ವೆ ಪ್ರತಿಭಟಿಸಿತು. ಕೀನ್ಯಾ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು, ನೆರವೂ ನಿಂತಿತು. ಜಗಳ ರಾಜಧಾನಿಗಳದ್ದು, ತುರ್ಕಾನಾದ ಮೇಕೆ ಕಾಯುವವನಿಗೆ ಅದರಲ್ಲಿ ಪಾಲಿರಲಿಲ್ಲ. ಅದೇ ನಾರ್ವೆಯ ನೆರವಿನಲ್ಲಿ ಆಗಿದ್ದ, ತುರ್ಕಾನಾ ಸೀಮೆಗೆ ಹೋಗುವ ಕಿಟಾಲೆ–ಲೊಡ್ವಾರ್ ರಸ್ತೆ ಮುಂದೆ ಗುಂಡಿಗಳ ಸಾಲಾಯಿತು. ಸಂಬಂಧ ಕಡಿದದ್ದೊಂದೇ ಅದಕ್ಕೆ ಕಾರಣ ಎಂದು ನಾನು ಬರೆದುಕೊಡಲಾರೆ. ಭಾರದ ಲಾರಿಗಳಿದ್ದವು, ಹಳ್ಳದ ನೆರೆಯೂ ಇತ್ತು. ಆದರೆ ಡಾಂಬರಿನ ತೇಪೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರವಿರಬೇಕಿತ್ತು.

ಒಮ್ಮೆ ಪೂರ್ವ ಆಫ್ರಿಕಾದ ಒಂದು ಹಳ್ಳಿಗೆ ನೀರಿನ ಪಂಪ್ ತಪಾಸಣೆಗೆ ಹೋಗಿದ್ದೆ. ಪಂಪ್ ನೋಡಿಕೊಳ್ಳುವ ಮುದುಕ ಎಣ್ಣೆ ಹತ್ತಿದ ನೋಟ್‌ಪುಸ್ತಕ ತಂದು ಮುಂದಿಟ್ಟ. ನೀರಿನ ಹಳದಿ ಕ್ಯಾನಿಗೆ ಇಷ್ಟು ಷಿಲ್ಲಿಂಗ್, ಡೀಸೆಲ್‌ಗೆ ಇಷ್ಟು, ಬೆಲ್ಟ್ ಬದಲಾಯಿಸಲು ತೆಗೆದಿಟ್ಟದ್ದು ಇಷ್ಟು. ಬಾಕಿದಾರರ ಪಟ್ಟಿಯಲ್ಲಿ ಊರಿನ ಮುಖ್ಯಸ್ಥನ ಹೆಸರು ಕೆಂಪು ಶಾಯಿಯಲ್ಲಿತ್ತು. ಪಂಪ್ ಓಡುತ್ತಿತ್ತು. ಆ ಪುಸ್ತಕದ ಎರಡು ಪುಟಗಳ ಫೋಟೊ ತೆಗೆದು ವರದಿಗೆ ಲಗತ್ತಿಸಿದೆ. ವಾರದ ನಂತರ ಕಚೇರಿಯಿಂದ ಕರೆ ಬಂತು: "ಸರ್, ಇದರ ಟೈಪ್ ಮಾಡಿದ ಪ್ರತಿ ಇಲ್ಲವೇ?"